ಕೆಳಗೆ ಹಗ್ಗ ಹಿಡಿದವರು

ಫೆಬ್ರವರಿಯ ಒಂದು ಬೆಳಿಗ್ಗೆ, ಏಳೂಮುಕ್ಕಾಲು. ಹೊರಗೆ ಮೈನಸ್ ಆರು. ಸ್ಟಾಕ್‌ಹೋಮಿನಲ್ಲಿ ಆ ಹೊತ್ತಿಗೆ ಬೆಳಕು ಇನ್ನೂ ಕಣ್ಣುಜ್ಜಿಕೊಳ್ತಾ ಇರುತ್ತೆ. ಅವತ್ತು ಮನೆಯಿಂದಲೇ ಕೆಲಸ ಅಂತ ಆರಾಮಾಗಿ ಫಿಲ್ಟರಿಗೆ ಕಾಫಿಪುಡಿ ಹಾಕ್ತಾ ಕಿಟಕಿಯಿಂದ ಕೆಳಗೆ ನೋಡಿದ್ರೆ, ನಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಮೂರು ಜನ ಹಿಮದ ಮೇಲೆ ಹಗ್ಗ ಹರಡಿಕೊಂಡು ನಿಂತಿದ್ದರು. ಕಿತ್ತಳೆ ಬಣ್ಣದ ಜಾಕೆಟ್ಟು, ಹೆಲ್ಮೆಟ್ಟು, ಸೊಂಟದ ಸುತ್ತ ಝಣಝಣ ಅನ್ನೋ ಕೊಕ್ಕೆಗಳು. ಅವರಲ್ಲೊಬ್ಬಳು ಕತ್ತೆತ್ತಿ ಮೇಲೆ ನೋಡ್ತಿದ್ದಳು. ನಾನೂ ನೋಡಿದೆ. ಓಹ್, ಇವತ್ತೇನಾ ಅಂದುಕೊಂಡೆ.

ಅಂಗಳದ ನಡುವಿನ ಎಲ್ಮ್ ಮರ ತೆಗೀತೀವಿ ಅಂತ ಮೂರು ವಾರದ ಹಿಂದೆಯೇ ಬಾಗಿಲಿಗೆ ಚೀಟಿ ಅಂಟಿಸಿದ್ದರು. ಹಿಂದಿನ ಜುಲೈನಲ್ಲೇ ಒಂದು ಕೊಂಬೆಯ ಎಲೆಯೆಲ್ಲ ಹಳದಿಯಾಗಿ ಸುರುಟಿಕೊಂಡಿತ್ತು. ಬೇಸಿಗೆ ಮುಗಿಯೋದರೊಳಗೆ ಇಡೀ ಮರ. ಜೀರುಂಡೆಯೊಂದು ಹೊತ್ತು ತರುವ ಶಿಲೀಂಧ್ರ ಇದಕ್ಕೆ ಕಾರಣ. ಅದನ್ನು ತಡೆಯೋಕೆ ಅಂತ ಮರ ತನ್ನದೇ ನೀರಿನ ಕೊಳವೆಗಳನ್ನ ಒಂದೊಂದಾಗಿ ಮುಚ್ಚಿಕೊಳ್ಳುತ್ತೆ, ಕೊನೆಗೆ ಬಾಯಾರಿ ಸಾಯುತ್ತೆ. ಡಚ್ ಎಲ್ಮ್ ರೋಗ ಅಂತ ಹೆಸರು. ಪಾಪ, ಡಚ್ಚರ ತಪ್ಪೇನೂ ಇಲ್ಲ. 1920ರ ದಶಕದಲ್ಲಿ ಅದರ ಬೆನ್ನು ಹತ್ತಿ ಕಾರಣ ಕಂಡುಹಿಡಿದದ್ದು ನೆದರ್‌ಲ್ಯಾಂಡ್ಸಿನ ಸಂಶೋಧಕಿಯರು, ಆ ಪುಣ್ಯಕ್ಕೆ ಹೆಸರು ಅಂಟಿಕೊಂಡಿತು. ಬಾಲ್ಟಿಕ್ ಸಮುದ್ರದ ನಡುವೆ ಗೊಟ್ಲಾಂಡ್ ಅಂತ ಸ್ವೀಡನ್ನಿನ ದ್ವೀಪ ಇದೆ. ಹತ್ತು ಲಕ್ಷಕ್ಕೂ ಹೆಚ್ಚು ಎಲ್ಮ್ ಇದ್ದ ಜಾಗ. ಸುತ್ತ ನೀರು ಇರೋದರಿಂದ ಅದೊಂದು ಬಚಾವು ಅಂತ ಎಲ್ಲ ನಂಬಿದ್ದರಂತೆ. 2005ರಲ್ಲಿ ಅಲ್ಲಿಗೂ ಬಂತು.

ಸತ್ತ ಎಲ್ಮ್ ಅನ್ನು ಚಳಿಗಾಲದಲ್ಲೇ ತೆಗೀಬೇಕು. ಬೆಚ್ಚಗಾಗ್ತಿದ್ದ ಹಾಗೆ ತೊಗಟೆಯೊಳಗಿನ ಜೀರುಂಡೆಗಳು ಹಾರಿಕೊಂಡು ಮುಂದಿನ ಮರಕ್ಕೆ ರೋಗ ಒಯ್ಯುತ್ತವೆ. ನಮ್ಮ ಅಂಗಳಕ್ಕೆ ನಾಲ್ಕೂ ಕಡೆ ಕಟ್ಟಡ, ಒಳಗೆ ಬರೋಕೆ ಕಮಾನಿನ ಕೆಳಗೆ ಒಂದು ಸಣ್ಣ ದಾರಿ. ಕ್ರೇನ್ ಬರೋ ಮಾತೇ ಇಲ್ಲ. ಬುಡಕ್ಕೆ ಗರಗಸ ಇಟ್ಟು ಬೀಳಿಸಿದ್ರೆ ಯಾರದ್ದಾದ್ರೂ ಅಡುಗೆಮನೆಯೊಳಗೇ ಬೀಳುತ್ತೆ. ಹಾಗಾಗಿ ಹತ್ತಬೇಕು. ತುದಿಯಿಂದ ಶುರುಮಾಡಿ ತುಂಡು ತುಂಡಾಗಿ ಇಳಿಸಬೇಕು.

ಈ ಕೆಲಸದವರಿಗೆ ಇಲ್ಲಿ ಆರ್ಬೊರಿಸ್ಟ್ ಅಂತಾರೆ. ಇಂಗ್ಲಿಷಿನಲ್ಲಿ ಟ್ರೀ ಸರ್ಜನ್ ಅಂತಲೂ ಉಂಟು. ಮರದ ಸರ್ಜನ್! ನಮ್ಮೂರಲ್ಲಿ ಹಾಗೆ ಬೋರ್ಡು ಹಾಕಿಕೊಂಡ್ರೆ ಜನ ನಗ್ತಾರೆ :) ಆದರೆ ಕಡಿಯೋದು ಇವರ ಕೆಲಸದ ಒಂದು ಭಾಗ ಅಷ್ಟೆ. ಯಾವ ಕೊಂಬೆ ಎಲ್ಲಿ ಕತ್ತರಿಸಿದ್ರೆ ಗಾಯ ಬೇಗ ಮುಚ್ಚುತ್ತೆ, ಟೊಳ್ಳಾದ ಓಕ್ ಮರಕ್ಕೆ ಎಷ್ಟು ಭಾರ ಇಳಿಸಿದ್ರೆ ಇನ್ನೂ ನೂರು ವರ್ಷ ನಿಲ್ಲುತ್ತೆ, ಇದೇ ಅವರ ನಿತ್ಯದ ಮಾತು. ಬರ್ಚ್, ಮೇಪಲ್ ಮರಗಳನ್ನ ವಸಂತದಲ್ಲಿ ಕತ್ತರಿಸಿದ್ರೆ ರಸ ಸೋರುತ್ತಲೇ ಇರುತ್ತೆ ಅಂತ ಜುಲೈ, ಆಗಸ್ಟ್, ಸೆಪ್ಟೆಂಬರಿಗೆ ಇಟ್ಟುಕೊಳ್ತಾರೆ. ಮೂರರ ಮೊದಲಕ್ಷರ ಸೇರಿಸಿ ಜೆ-ಎ-ಎಸ್ ತಿಂಗಳು ಅಂತಾರೆ. (ಸ್ವೀಡನ್ನಿನ ಯುದ್ಧವಿಮಾನ ಗ್ರಿಪೆನ್‌ಗೂ ಜೆ-ಎ-ಎಸ್ 39 ಅಂತಲೇ ಹೆಸರು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾನೂ ಮೊದಲು ಗಲಿಬಿಲಿ ಆಗಿದ್ದೆ.)

ಸರಿ, ಅಂಗಳಕ್ಕೆ ಬರೋಣ. ಮೂವರಲ್ಲಿ ಒಬ್ಬ ಇಪ್ಪತ್ತರ ಹುಡುಗ. ಒಬ್ಬಳು ಮೂವತ್ತರ ಆಸುಪಾಸಿನವಳು. ಇನ್ನೊಬ್ಬ ಐವತ್ತು ದಾಟಿದ ಬಿಳಿಗಡ್ಡದವನು. ಹುಡುಗ ಒಂದು ಉದ್ದ ಕೋಲಿನ ತುದಿಯ ಕವಣೆ ಎತ್ತಿದ. ನಾವು ಸಣ್ಣವರಿದ್ದಾಗ ಮಾವಿನಕಾಯಿಗೆ ಹೊಡೀತಿದ್ದ ಕ್ಯಾಟರ್‌ಬಿಲ್ಲಿನ ದೊಡ್ಡಪ್ಪ ಅದು. ತೆಳುದಾರ ಕಟ್ಟಿದ ಭಾರದ ಚೀಲವೊಂದನ್ನ ಠಪ್ ಅಂತ ಮೇಲೆ ಹಾರಿಸಿ ಕವಲೊಂದರ ಮೇಲಿಂದ ಆಚೆ ಕೆಡವಿದ. ಆ ದಾರಕ್ಕೆ ಹಗ್ಗ ಕಟ್ಟಿ ಎಳೆದರು. ಅದೇ ಹಗ್ಗದ ಮೇಲೆ ಅವಳು ನೋಡ್ತಾ ನೋಡ್ತಾ ಮೇಲೇರಿದಳು. ನನ್ನದು ಮೂರನೇ ಮಹಡಿ. ನನ್ನ ಕಿಟಕಿ ದಾಟುವಾಗ ಒಂದು ಕೈ ಬೀಸಿ ಹೋದಳು!

ನಾನು ಅಂದುಕೊಂಡಿದ್ದು, ಬಿಳಿಗಡ್ಡದವನು ಈಗ ಜೇಬಿಗೆ ಕೈ ಹಾಕಿಕೊಂಡು ಫೋನಲ್ಲಿ ಮಾತಾಡ್ತಾನೆ ಅಂತ. ಯಜಮಾನ ಅವನೇ ಅನ್ನೋದು ಕಂಡರೇ ಗೊತ್ತಾಗ್ತಿತ್ತು. ಅವನು ಹಾಗೆ ಮಾಡಲಿಲ್ಲ. ಮರದ ಬುಡಕ್ಕೆ ಪಟ್ಟಿಯಿಂದ ಬಿಗಿದ ಲೋಹದ ಗೂಟದಂಥ ಒಂದು ಸಲಕರಣೆ ಇತ್ತು. ತುಂಡುಗಳನ್ನ ಇಳಿಸೋ ಹಗ್ಗವನ್ನ ಅದಕ್ಕೆ ಮೂರು ಸುತ್ತು ಸುತ್ತಿ, ತುದಿ ಕೈಯಲ್ಲಿ ಹಿಡಿದು ಮೇಲೆ ನೋಡ್ತಾ ನಿಂತ. ಮಧ್ಯಾಹ್ನದವರೆಗೂ ಅಲ್ಲೇ ನಿಂತಿದ್ದ.

ಇಲ್ಲಿ ಸ್ವಲ್ಪ ಲೆಕ್ಕ ಹೇಳ್ತೀನಿ, ಬೇಜಾರಾಗಬೇಡಿ. ಅರ್ಧ ಮೀಟರ್ ದಪ್ಪ, ಒಂದು ಮೀಟರ್ ಉದ್ದದ ಹಸಿ ಎಲ್ಮ್ ತುಂಡು ಸುಮಾರು 200 ಕಿಲೋ ತೂಗುತ್ತೆ. ಅದನ್ನ ಒಬ್ಬ ಮನುಷ್ಯ ಹೇಗೆ ಹಿಡೀತಾನೆ? ಗೂಟಕ್ಕೆ ಸುತ್ತಿದ ಹಗ್ಗದ ಘರ್ಷಣೆ ಸುತ್ತು ಹೆಚ್ಚಿದ ಹಾಗೆ ಕೂಡುತ್ತಾ ಹೋಗೋದಿಲ್ಲ, ಗುಣಿಸುತ್ತಾ ಹೋಗುತ್ತೆ. ಘರ್ಷಣೆಯ ಗುಣಾಂಕ 0.25 ಅಂತ ಇಟ್ಟುಕೊಂಡ್ರೆ ಒಂದು ಸುತ್ತಿಗೆ ಹತ್ತಿರಹತ್ತಿರ ಐದು ಪಟ್ಟು, ಮೂರು ಸುತ್ತಿಗೆ ಸುಮಾರು ನೂರಹತ್ತು ಪಟ್ಟು. ಅಂದ್ರೆ 200 ಕಿಲೋ ತುಂಡನ್ನ ಎರಡು ಕಿಲೋ ಅಕ್ಕಿಚೀಲ ಹಿಡಿದಷ್ಟೇ ಬಲದಲ್ಲಿ ಹಿಡಿದು ನಿಲ್ಲಬಹುದು. ಮೊದಲನೇ ವರ್ಷದ ಎಂಜಿನಿಯರಿಂಗ್ ಮೆಕ್ಯಾನಿಕ್ಸ್‌ನಲ್ಲಿ ಈ ಸೂತ್ರ ಬಾಯಿಪಾಠ ಮಾಡಿ ಐದು ಮಾರ್ಕು ಗಿಟ್ಟಿಸಿದ್ದೆ. ಅದನ್ನ ಕಣ್ಣಾರೆ ಕಂಡದ್ದು ಹತ್ತು ವರ್ಷದ ಮೇಲೆ, ಪೈಜಾಮಾದಲ್ಲಿ ಕಾಫಿಲೋಟ ಹಿಡಿದುಕೊಂಡು.

ಆದರೆ ಸೂತ್ರದಲ್ಲಿ ಇಲ್ಲದ್ದು ಒಂದಿದೆ. ಮೇಲಿನವಳು ತುಂಡು ಕತ್ತರಿಸಿ ತಳ್ಳಿದಾಗ ಅದು ಮೊದಲು ಒಂದಷ್ಟು ದೂರ ಸುಮ್ಮನೆ ಬೀಳುತ್ತೆ, ಆಮೇಲೆ ಹಗ್ಗಕ್ಕೆ ಸಿಗುತ್ತೆ. ಕೆಳಗಿನವನು ಆಗ ಗಟ್ಟಿಯಾಗಿ ಹಿಡಿದುಬಿಟ್ಟರೆ ಆ ಹೊಡೆತ ತುಂಡಿನ ತೂಕದ ಎಷ್ಟೋ ಪಟ್ಟಾಗಿ ನೇರ ಕಾಂಡಕ್ಕೆ ಹೋಗುತ್ತೆ. ಕಾಂಡಕ್ಕೆ ಕಟ್ಟಿಕೊಂಡು ನಿಂತಿರೋಳು ಅವಳು! ಅವನು ಹಿಡಿಯಬಾರದು. ಹಗ್ಗವನ್ನ ಓಡೋಕೆ ಬಿಡಬೇಕು, ಓಡ್ತಾ ಓಡ್ತಾ ಮೆಲ್ಲಗೆ ಬಿಗಿ ಮಾಡಬೇಕು, ತುಂಡು ನೆಲಕ್ಕೆ ಒಂದಾಳೆತ್ತರ ಇರುವಾಗ ನಿಲ್ಲಿಸಬೇಕು. ತುಸು ಬಿಗಿಯಾದ್ರೆ ಮೇಲಿನವಳು ಒನಕೆಯ ತುದಿಯಲ್ಲಿ ಕೂತ ಹಾಗೆ ಅಲ್ಲಾಡಿಹೋಗ್ತಾಳೆ. ತುಸು ಸಡಿಲಾದ್ರೆ ತುಂಡು ಕೆಳಗಿದ್ದವರ ಮೇಲೆ. ಅವಳು ನಿಂತಿರೋ ಮರ ಎಷ್ಟು ಅಲುಗಬೇಕು ಅನ್ನೋದು ಅವಳ ಕೈಯಲ್ಲಿ ಇಲ್ಲ, ಕೆಳಗಿರೋ ಗಡ್ಡದವನ ಕೈಯಲ್ಲಿದೆ. ಅವನು ಯಾಕೆ ಫೋನ್ ಮುಟ್ಟಲಿಲ್ಲ ಅಂತ ಆಗ ಗೊತ್ತಾಯ್ತು.

ಒಂಬತ್ತೂವರೆಗೆ ಗರಗಸ ನಿಂತಿತು. ಫೀಕಾ. ಸ್ವೀಡನ್ನಿನಲ್ಲಿ ಏನು ಬೇಕಾದ್ರೂ ತಪ್ಪಬಹುದು, ಕಾಫಿಯ ಜೊತೆ ಕೂತು ಮಾತಾಡೋ ಈ ಹೊತ್ತು ಮಾತ್ರ ತಪ್ಪೋದಿಲ್ಲ. ಮೂವರೂ ಕಡಿದು ಹಾಕಿದ ದಿಮ್ಮಿಗಳ ಮೇಲೆ ಕೂತು ಥರ್ಮಾಸ್ ತೆಗೆದರು. ನಾನು ಚಳಿಗೆ ಎರಡು ಜಾಕೆಟ್ ಏರಿಸಿಕೊಂಡು, ಡಬ್ಬಿಯಲ್ಲಿ ಊರಿಂದ ಬಂದಿದ್ದ ತೊಡದೇವು ಹಿಡಿದುಕೊಂಡು ಕೆಳಗಿಳಿದೆ. ಹುಡುಗ ಕಾಗದ ಅಂದುಕೊಂಡ! ತಿಂದ ಮೇಲೆ ಮೂರು ಕೇಳಿ ತಗೊಂಡ. ನನ್ನ ಮುರುಕು ಸ್ವೀಡಿಷ್, ಅವರ ಚೆನ್ನಾದ ಇಂಗ್ಲಿಷ್, ಎರಡರಲ್ಲೂ ಮಾತು ನಡೀತು.

ಬಿಳಿಗಡ್ಡದವನು ಇಪ್ಪತ್ತೈದು ವರ್ಷ ಹತ್ತಿದವನಂತೆ. ಮಂಡಿ ಹೋಯ್ತು, ಈಗ ಕೆಳಗೆ. "ಹತ್ತೋದಕ್ಕಿಂತ ಇದೇ ಕಷ್ಟ" ಅಂದ. ಹತ್ತುವಾಗ ತನ್ನ ಜೀವಕ್ಕೆ ಮಾತ್ರ ಹೆದರಿದ್ರೆ ಸಾಕಿತ್ತಂತೆ. ಹುಡುಗ ಮೊದಲ ಚಳಿಗಾಲದವನು. ಅವನ ಪಾಲಿಗೆ ಕೊಂಬೆ ಎಳೆದು ರಸ್ತೆಯಲ್ಲಿರೋ ಪುಡಿ ಮಾಡೋ ಯಂತ್ರಕ್ಕೆ ಹಾಕೋದು. ಅವನಿಗೆ ಸಾಕಾದಾಗ ಯಜಮಾನನೇ ಎದ್ದು ಎಳೀತಿದ್ದ, ಅದನ್ನ ನಾನೇ ಮೇಲಿಂದ ನೋಡಿದ್ದೆ. ಹುಡುಗ ಯಜಮಾನನನ್ನ ಹೆಸರು ಹಿಡಿದೇ ಕರೀತಾನೆ, 'ದೂ' ಅಂತಾನೆ, ಅಂದ್ರೆ ನೀನು. 1960ರ ದಶಕದ ಕೊನೆಯಲ್ಲಿ ಈ ದೇಶದ ಜನ ಬಹುವಚನ, ಪದವಿಗಳನ್ನೆಲ್ಲ ಕಿತ್ತಿಟ್ಟು ಎಲ್ಲರೂ ಎಲ್ಲರಿಗೂ ದೂ ಅನ್ನೋಕೆ ಶುರು ಮಾಡಿದರು. ನಾನು ಬಂದ ಹೊಸದರಲ್ಲಿ ಮ್ಯಾನೇಜರಿಗೆ ಹಾಗನ್ನೋಕೆ ನಾಲಿಗೆಯೇ ಏಳ್ತಿರಲಿಲ್ಲ.

"ಕುಂಗ್ಸ್‌ಟ್ರೆಡ್‌ಗೋರ್ಡೆನ್‌ನ ಎಲ್ಮ್‌ಗಳನ್ನ ನೋಡಿದೀಯಾ?" ಅಂತ ಕೇಳಿದಳು ಮರದಿಂದ ಇಳಿದವಳು. ಸ್ಟಾಕ್‌ಹೋಮಿನ ನಟ್ಟನಡುವಿನ ಪಾರ್ಕು ಅದು. 1971ರ ಮೇ ತಿಂಗಳಲ್ಲಿ ಮೆಟ್ರೋ ನಿಲ್ದಾಣದ ಬಾಗಿಲಿಗೆ ಅಂತ ಅಲ್ಲಿನ ಹದಿಮೂರು ಎಲ್ಮ್ ಕಡಿಯೋಕೆ ನಗರಸಭೆ ಹೊರಟಿತ್ತು. ರಾತ್ರೋರಾತ್ರಿ ಗರಗಸ ಬಂದವು, ಪೊಲೀಸರು ಬಂದರು, ಜನ ಸಾವಿರಗಟ್ಟಲೆ ಬಂದು ಬೇಲಿ ಮುರಿದು ಮರ ಏರಿ ಕೂತರು. ಕೆಲವು ಕಾಂಡಗಳಿಗೆ ಗರಗಸ ಕಚ್ಚಿಯೂ ಆಗಿತ್ತು. ಮರ ಉಳಿದವು, ಬಾಗಿಲು ಬೇರೆ ಕಡೆ ಹೋಯ್ತು, ನಿಲ್ದಾಣ 1977ರಲ್ಲಿ ತೆರೆಯಿತು. ಉತ್ತರಾಖಂಡದ ಚಿಪ್ಕೋಗಿಂತ ಎರಡು ವರ್ಷ ಮೊದಲಿನ ಮಾತು ಇದು. ನಮ್ಮ ಸಾಲ್ಕಣಿಯ ಜನ ಕಳಸೆ ಕಾಡಿನಲ್ಲಿ ಮರ ಅಪ್ಪಿಕೊಂಡದ್ದು 1983ರ ಸೆಪ್ಟೆಂಬರ್ 8ಕ್ಕೆ. ನಾನು ಅಪ್ಪಿಕೋ ಚಳವಳಿಯ ಕಥೆ ಹೇಳಿದೆ, ಅದು ನಮ್ಮ ಶಿರಸಿ ತಾಲೂಕು ಅಂತ ಸ್ವಲ್ಪ ಜಂಬದಿಂದಲೇ. ಅವಳು ನಕ್ಕು, "ನಮ್ಮ ಕೆಲಸದವರು ಅವತ್ತು ಗರಗಸದ ಕಡೆ ಇದ್ದರು. ಜನ ಈಗಲೂ ನಮ್ಮನ್ನ ಬೈಯೋಕೆ ಕಿಟಕಿ ತೆಗೀತಾರೆ. ನೀನು ತಿಂಡಿ ತಂದೆ" ಅಂದಳು.

ಆಗ ನಾನು ಕೇಳಬೇಕು ಅಂತಿದ್ದದ್ದನ್ನ ಕೇಳಿಬಿಟ್ಟೆ. ಮೇಲೆ ನಿನಗೇನಾದ್ರೂ ಆದ್ರೆ?

ಮೂವರೂ ಒಟ್ಟಿಗೇ ಮರದ ಬುಡದ ಕಡೆ ಕೈ ತೋರಿಸಿದರು. ಹಿಮದ ಮೇಲೆ ಒಂದು ಹಳದಿ ಚೀಲ. ಅದರೊಳಗೆ ಇನ್ನೊಂದು ಜೊತೆ ಹಗ್ಗ, ಸೊಂಟಪಟ್ಟಿ. ಅದು ಯಾವತ್ತೂ ಬೇರೆ ಕೆಲಸಕ್ಕೆ ಇಲ್ಲ. ಒಬ್ಬರೇ ಹತ್ತೋ ಹಾಗಿಲ್ಲ, ಕೆಳಗೆ ಇರೋರಲ್ಲಿ ಒಬ್ಬರಾದ್ರೂ ಹತ್ತಿ ಇಳಿಸಿಕೊಂಡು ಬರೋಕೆ ಬಲ್ಲವರಿರಬೇಕು. ಮೇಲೆ ಗರಗಸ ಹಿಡಿದಾಗ ಎರಡು ಕಡೆ ಕಟ್ಟಿಕೊಂಡಿರಬೇಕು, ಒಂದು ಹಗ್ಗ ಕತ್ತರಿಸಿಹೋದ್ರೂ ಇನ್ನೊಂದು ಇರಲಿ ಅಂತ. ಎಚ್ಚರ ತಪ್ಪಿ ಪಟ್ಟಿಯಲ್ಲೇ ನೇತಾಡ್ತಿದ್ರೆ ಅದೇ ಪ್ರಾಣಕ್ಕೆ ಕುತ್ತು, ಆದಷ್ಟು ಬೇಗ ಇಳಿಸಬೇಕು. ಇದನ್ನ ಒಬ್ಬರನ್ನೊಬ್ಬರು ಹೊತ್ತುಕೊಂಡು ಅಭ್ಯಾಸ ಮಾಡ್ತಾರೆ. ಆರ್ಬೊರಿಸ್ಟ್‌ಗಳ ಮರ ಹತ್ತೋ ಸ್ಪರ್ಧೆಗಳು 1976ರಲ್ಲಿ ಅಮೆರಿಕದಲ್ಲಿ ಶುರುವಾದವು, ಯೂರೋಪಿನಲ್ಲೂ ನಡೀತವೆ. ಅವುಗಳಲ್ಲಿ ಗಾಯಗೊಂಡವನನ್ನ ಮರದಿಂದ ಇಳಿಸೋದೇ ಒಂದು ಪಂದ್ಯ. ಬರೀ ಬೇಗ ಇಳಿಸಿದ್ರೆ ಅಂಕ ಸಿಗೋದಿಲ್ಲ. ಅವನ ಹತ್ತಿರ ಮಾತಾಡಿದೆಯಾ, ಕುತ್ತಿಗೆ ಬೆನ್ನು ಅಲುಗದ ಹಾಗೆ ಹಿಡಿದೆಯಾ, ಅದನ್ನೂ ನೋಡ್ತಾರೆ.

"ನಮ್ಮಪ್ಪನ್ನ ಹೊತ್ತು ತರೋದಕ್ಕಿಂತ ಇವನನ್ನ ಹೊತ್ತು ತರೋದು ಕಷ್ಟ, ಬನ್ನು ತಿಂದು ತಿಂದು..." ಅಂತ ಅವಳು ಗಡ್ಡದವನ ಹೊಟ್ಟೆಗೆ ತಿವಿದಳು. ಹುಡುಗ ಕಾಫಿ ನೆತ್ತಿಗೆ ಹತ್ತೋ ಹಾಗೆ ನಕ್ಕ. ನಾನೂ ನಕ್ಕೆ. ಆದರೆ ಬೆನ್ನು ಅಲುಗದ ಹಾಗೆ ಅನ್ನೋ ಮಾತು ನನ್ನೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು.

ನಮ್ಮ ಕಡೆ ಅಡಿಕೆ ಕೊನೆ ಇಳಿಸೋರಿಗೆ ಕೊನೆಗೌಡ ಅಂತಾರೆ. ನಮ್ಮ ತೋಟಕ್ಕೆ ಬರ್ತಿದ್ದವರು ಅಣ್ಣ ತಮ್ಮ. ಅಣ್ಣ ಮೇಲೆ, ತಮ್ಮ ಕೆಳಗೆ. ಅಣ್ಣ ಕಾಲಿಗೆ ತಳೆ ಹಾಕಿಕೊಂಡು ಸರಸರ ಏರ್ತಿದ್ದ. ಒಮ್ಮೆ ಏರಿದ್ರೆ ಇಳಿಯೋ ಮಾತಿಲ್ಲ. ನಿಂತ ಮರವನ್ನೇ ತೂಗಿ ಬಗ್ಗಿಸಿ ಪಕ್ಕದ ಮರಕ್ಕೆ ದಾಟಿಬಿಡ್ತಿದ್ದ. ಕೊನೆ ಕೊಯ್ದು ಹಗ್ಗದ ಮೇಲೆ ಜಾರಿಸಿ ಬಿಟ್ಟರೆ ಕೆಳಗೆ ತಮ್ಮ ಹಗ್ಗ ಹಿಡಿದು ನಿಂತಿರ್ತಿದ್ದ. ಕೊನೆ ಹತ್ತಿರ ಬರ್ತಿದ್ದ ಹಾಗೆ ಮಣಿಕಟ್ಟಲ್ಲಿ ಒಂದು ಸಣ್ಣ ಸಡಿಲ. ಒಂದು ಅಡಿಕೆ ಉದುರ್ತಿರಲಿಲ್ಲ. ಅವರಿಗೆ ಹೆಲ್ಮೆಟ್ಟಿನೊಳಗೆ ರೇಡಿಯೋ ಇರಲಿಲ್ಲ. ಮೇಲಿಂದ "ಹೋಯ್" ಅಂದ್ರೆ ಒಂದರ್ಥ, "ಹೋ..." ಅಂದ್ರೆ ಇನ್ನೊಂದು. ಹನ್ನೊಂದು ಗಂಟೆಗೆ ಆಯಿ ಅವಲಕ್ಕಿ, ಚಾ ತಂದು ಅಂಗಳದ ತುದಿಯಲ್ಲಿ ಇಡ್ತಿದ್ದಳು. ಅವರ ಲೋಟ ಬೇರೆ ಇತ್ತು, ಸೂರಿನ ಸಂದಿಯಲ್ಲಿ. ತೊಳೆದು ಅವರೇ ಅಲ್ಲಿಡಬೇಕು. ಅಜ್ಜನ ವಯಸ್ಸಿಗೆ ಹತ್ತಿರದ ಅಣ್ಣನಿಗೆ ಅಪ್ಪ 'ಬಾರೋ' ಅಂತಿದ್ದ. ಅವನು ಅಪ್ಪನಿಗೆ 'ಹೆಗಡೇರೆ', ನನಗೆ 'ಸಣ್ ಹೆಗಡೇರೆ'. ನನಗಾಗ ಅದರಲ್ಲೇನೂ ವಿಚಿತ್ರ ಕಂಡಿರಲಿಲ್ಲ.

ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೀಬೇಕು. ಮೈಲುತುತ್ತು, ಸುಣ್ಣದ ದ್ರಾವಣ. ಮೊದಲೆಲ್ಲ ಕೊನೆಗೆ ಕೊಟ್ಟೆ ಕಟ್ತಿದ್ದರು. ಮೈಸೂರು ಸಂಸ್ಥಾನಕ್ಕೆ ಬಂದ ಲೆಸ್ಲಿ ಕೋಲ್ಮನ್ ಅನ್ನೋ ಕೆನಡಾದ ವಿಜ್ಞಾನಿ 1910ರ ಹೊತ್ತಿಗೆ ಈ ಔಷಧಿಯ ದಾರಿ ತೋರಿಸಿದರು. ಅಡಿಕೆ ಬದುಕಿತು. ಆದರೆ ಔಷಧಿ ಹೊಡೆಯೋದು ಮಳೆಗಾಲದಲ್ಲೇ, ಮರ ಜಾರೋ ಹೊತ್ತಲ್ಲೇ.

2012ರ ಮಳೆಗಾಲ, ಎರಡು ದಿನ ಹೊಳವಾಗಿತ್ತು. ನಾನು ಬಕೆಟ್ಟಿಂದ ದ್ರಾವಣ ಸುರೀತಿದ್ದೆ, ತಮ್ಮ ಪಂಪು ಒತ್ತುತ್ತಿದ್ದ. ಇಳಿಯುವಾಗ ಅಣ್ಣ ಅರ್ಧ ಮರದಿಂದ ಜಾರಿದ. ದೊಡ್ಡ ಶಬ್ದವೇನೂ ಆಗಲಿಲ್ಲ. ಬೆನ್ನು ಅಡಿಯಾಗಿ ಬಿದ್ದಿದ್ದ, ಕಣ್ಣು ಬಿಟ್ಟುಕೊಂಡೇ ಇದ್ದ, "ಏನೂ ಆಗ್ಲಿಲ್ಲ" ಅಂತ ಎರಡು ಸಲ ಅಂದ. ಅಪ್ಪ, ತಮ್ಮ, ಪಕ್ಕದ ತೋಟದವರೊಬ್ಬರು, ನಾನು ನಾಲ್ಕು ಜನ ಸೇರಿ ಕೈ ಎರಡು, ಕಾಲು ಎರಡು ಹಿಡಿದು ಎತ್ತಿದೆವು. ನಾನು ಹಿಡಿದಿದ್ದು ಎಡಗಾಲು. ನಡು ಜೋತುಬಿದ್ದಿತ್ತು. ಸಂಕದ ಮೇಲೆ ಹಾಗೇ ಹೊತ್ತು ದಾಟಿಸಿ ಜೀಪಿನ ಹಿಂದಿನ ಸೀಟಿಗೆ ಮಡಚಿ ಹಾಕಿ ಎರಡು ತಾಸಿನ ದಾರಿ ಕರೆದುಕೊಂಡು ಹೋದೆವು. ಆಮೇಲೆ ಅವನು ಎದ್ದು ನಡೀಲಿಲ್ಲ. ಆರು ವರ್ಷ ಬದುಕಿದ್ದ. ಬಿದ್ದಾಗಲೇ ಆದದ್ದೋ, ನಾವು ಎತ್ತಿದಾಗ ಆದದ್ದೋ, ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅಪ್ಪ ಆಸ್ಪತ್ರೆ ಖರ್ಚು ಕೊಟ್ಟ, ಹಬ್ಬಕ್ಕೆ ಅಕ್ಕಿ ಕಳಿಸ್ತಿದ್ದ. ಊರಲ್ಲಿ ಅದು ದೊಡ್ಡ ಮನಸ್ಸು ಅನ್ನಿಸಿಕೊಂಡಿತು.

ತೆಂಗಿನ ಮರ ಹತ್ತೋರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ. ಅದೇ ಮಂಡಳಿ 2011ರಿಂದ ಯಂತ್ರ ಕಟ್ಟಿಕೊಂಡು ಹತ್ತೋ ತರಬೇತಿಯನ್ನೂ ಕೊಡ್ತಾ ಬಂತು, ತೆಂಗಿನ ಮರದ ಗೆಳೆಯರು ಅಂತ ಅದರ ಹೆಸರು. ಅಡಿಕೆಗೆ 2019ರಲ್ಲಿ ಬಂಟ್ವಾಳ ಕಡೆಯ ಕೃಷಿಕ ಗಣಪತಿ ಭಟ್ಟರು ಮರ ಏರೋ ಬೈಕ್ ಮಾಡಿದ್ದು ನೀವೂ ವಿಡಿಯೋದಲ್ಲಿ ನೋಡಿರ್ತೀರಿ. ಹತ್ತೋರು ಸಿಗದೆ ಇದ್ದಾಗ ಇವೆಲ್ಲ ಬಂದವು. ಹತ್ತೋರು ಇದ್ದಾಗ ಅವರ ಸೊಂಟಕ್ಕೆ ಒಂದು ಹಗ್ಗ ಕಟ್ಟೋಣ ಅಂತ ನಮ್ಮ ಮನೆಯಲ್ಲಂತೂ ಯಾರಿಗೂ ಹೊಳೆದಿರಲಿಲ್ಲ.

ಇಲ್ಲಿಯವರಿಗೆ ಎಲ್ಲ ಮೊದಲೇ ಹೊಳೆದಿತ್ತು ಅಂತ ಅಲ್ಲ. 2005ರ ಜನವರಿಯಲ್ಲಿ ಗುಡ್ರುನ್ ಅನ್ನೋ ಬಿರುಗಾಳಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನಮೀಟರ್ ಮರ ಉರುಳಿಸಿತು. ಗಾಳಿಗೆ ಸತ್ತವರಿಗಿಂತ ಆಮೇಲೆ ಬಿದ್ದ ಮರ ತೆರವು ಮಾಡುವಾಗ ಸತ್ತವರೇ ಹೆಚ್ಚು. ಸಂಬಳಕ್ಕೆ ಗರಗಸ ಹಿಡಿಯೋರೆಲ್ಲ ಪರೀಕ್ಷೆ ಪಾಸಾಗಿರಬೇಕು ಅನ್ನೋ ನಿಯಮ ಪೂರ್ತಿ ಜಾರಿಗೆ ಬಂದದ್ದು 2014ರ ಡಿಸೆಂಬರಿನಲ್ಲಿ. ಕಾರಿನ ಲೈಸೆನ್ಸ್ ಇದ್ದ ಹಾಗೆ ಗರಗಸದ ಲೈಸೆನ್ಸು.

ಮೂರು ಗಂಟೆಗೆ ಕಾಂಡದ ಕೊನೇ ತುಂಡು ಬಂತು. ಬುಡದ್ದು ಒಂದು ಬಿಲ್ಲೆ ನನಗೆ ಕೊಡ್ತೀರಾ ಅಂತ ಕೇಳಿದೆ. ಗಡ್ಡದವನು ಹಾಗೇ ಕೊಡಲಿಲ್ಲ. ಕೊಡಲಿ ತಂದು ತೊಗಟೆ ಪೂರ್ತಿ ಕೆತ್ತಿದ. ತೊಗಟೆ ಒಳಗೆ ಹೋಗೋ ಹಾಗಿಲ್ಲವಂತೆ, ಜೀರುಂಡೆ ಇರುತ್ತೆ. ತೊಗಟೆಯ ಒಳಮೈ ತಿರುಗಿಸಿ ತೋರಿಸಿದ. ನಡುವೆ ತಾಯಿ ಕೊರೆದ ಒಂದು ದಾರಿ, ಅದರ ಎರಡೂ ಕಡೆ ಮರಿಗಳು ಕೊರೆದ ನೂರಾರು ಸಣ್ಣ ದಾರಿ. ಆಮೇಲೆ ಹುಡುಗನೂ ಅವನೂ ಬಿಲ್ಲೆ ಹೊತ್ತು ಮೂರನೇ ಮಹಡಿಯವರೆಗೆ ತಂದುಕೊಟ್ಟರು. ಅಂಗಳ ಗುಡಿಸಿ ಹೋದರು.

ಆ ಭಾನುವಾರ ಮನೆಗೆ ಫೋನ್ ಮಾಡಿದಾಗ ಆಯಿಗೆ ಕಥೆಯೆಲ್ಲ ಹೇಳಿದೆ. "ಅಲ್ಲೂ ಕೊನೆಗೌಡ ಇದ್ನನಾ!" ಅಂತ ಅವಳಿಗೆ ಆಶ್ಚರ್ಯ. ತಮ್ಮ ಅವತ್ತು ತೋಟಕ್ಕೆ ಬಂದಿದ್ದ. ಅವನು ಅಣ್ಣ ಬಿದ್ದ ಮೇಲೆ ಮರದ ಕೆಲಸಕ್ಕೆ ಎರಡು ವರ್ಷ ಬಂದಿರಲಿಲ್ಲ, ಈಗ ಫೈಬರ್ ದೋಟಿಯಲ್ಲಿ ನೆಲದಿಂದಲೇ ಕೊಯ್ತಾನೆ. ಫೋನು ಅವನ ಕೈಗೆ ಕೊಡು ಅಂದೆ. ಕಿಟಕಿಯಿಂದ ತೆಗೆದಿದ್ದ ವಿಡಿಯೋ ಕಳಿಸಿದ್ದೆ, ಅದನ್ನ ಎರಡು ಸಲ ಹಾಕಿಸಿಕೊಂಡು ನೋಡಿದನಂತೆ. ಹೆಂಗಸು ಹತ್ತಿದ್ದಕ್ಕಾಗಲಿ, ಹಿಮಕ್ಕಾಗಲಿ ಅವನು ಏನೂ ಅನ್ನಲಿಲ್ಲ.

"ಸಣ್ ಹೆಗಡೇರೆ, ಆ ಗಡ್ಡದೋರು ಹಗ್ಗ ಚಲೋ ಬಿಡ್ತ್ರು" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಅವ್ರು ಅವಳಿಗೆ ಏನಾಗ್ಬೇಕು? ಅಣ್ಣನಾ?" ಅಂತ ಕೇಳಿದ.